ಹಕ್ಕಲು ದಾಟಿ ಅಬ್ಬಿಗೆ: ಜನವರಿಯವರೆಗಿನ ಲೆಕ್ಕ

ಅಬ್ಬಿ, ಅಂದರೆ ನಮ್ಮೂರ ಸಣ್ಣ ಜಲಪಾತ, ಇನ್ನೂ ಬೀಳುತ್ತಿದೆ. ಜನವರಿ ಮುಗಿಯುತ್ತಾ ಬಂತು, ಹಕ್ಕಲ, ಅಂದರೆ ಮರವಿಲ್ಲದ ಕಲ್ಲುಬಯಲಿನ, ಮೇಲಿನ ಕರಡದ ಹುಲ್ಲೆಲ್ಲ ಒಣಗಿ ಕಲ್ಲು ಬೋಳಾಗಿದೆ. ಆದರೂ ಬಂಡೆಯ ಎಡಮಗ್ಗುಲಲ್ಲಿ ನೀರಿದೆ. ಖುಷಿಯಾಯಿತು.

ಹೊನ್ನಾವರ ತಾಲೂಕಿನ ನಮ್ಮೂರ ಮೇಲಿನ ಈ ಅಬ್ಬಿಯನ್ನು ಮಳೆಗಾಲದಿಂದಲೂ ನೋಡುತ್ತಾ ಬಂದಿದ್ದೇನೆ. ನಾಲ್ಕು ಆಳೆತ್ತರ ಇರಬಹುದು. ಅಘನಾಶಿನಿಯ ಉಂಚಳ್ಳಿ ಜಲಪಾತ 116 ಮೀಟರ್, ಅದನ್ನು ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇದಕ್ಕೆ ಹೆಸರೂ ಇಲ್ಲ. ಆದರೆ ಕೆಳಗಿನ ಅಡಿಕೆ ತೋಟಗಳು ಬೇಸಿಗೆಯಲ್ಲಿ ನೆಚ್ಚಿಕೊಂಡಿರುವುದು ಇದರ ನೀರನ್ನೇ. ಈ ನೀರು ಎಷ್ಟು ದಿನ ಬರುತ್ತದೆ, ಯಾಕೆ ನಿಲ್ಲುತ್ತದೆ ಅಂತ ತಿಳಿಯಬೇಕು.

ದಾರಿಯ ಬಗ್ಗೆ ಮೊದಲು. ಗೇರು ತೋಪು ಮುಗಿದ ಕೂಡಲೇ ಹಕ್ಕಲು ಶುರು. ಅಲ್ಲಿಂದ ಮುಂದೆ ನೆರಳೇ ಇಲ್ಲ. ಬರೀ ಚಿರೇಕಲ್ಲು (ತೂತುತೂತಾದ ಕೆಂಪು ಕಲ್ಲು), ಅಲ್ಲಲ್ಲಿ ಕೌಳಿ ಪೊದೆ, ಟಿಟ್ಟಿಭ ಹಕ್ಕಿಯ ಕೂಗು. ಹತ್ತು ಗಂಟೆಯಾದರೆ ಕಲ್ಲಿನ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತದೆ. ಅದಕ್ಕೇ ಈಗ ಬೆಳಕು ಹರಿಯುವಾಗಲೇ ಹೊರಡುತ್ತೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕರಾವಳಿಯಲ್ಲಿ ಇಂಥ ಬೆಂಗಾಡು ಇದೆ ಅಂದರೆ ಹೊರಗಿನವರು ನಂಬುವುದಿಲ್ಲ.

ಇದೇ ಕಲ್ಲನ್ನು ಸೆಪ್ಟೆಂಬರಿನಲ್ಲಿ ನೋಡಬೇಕು. ತಗ್ಗಿನಲ್ಲೆಲ್ಲ ನೀರು ನಿಂತು, ನೇರಳೆ ಬಣ್ಣದ ಯುಟ್ರಿಕ್ಯುಲೇರಿಯಾ ಹೂ ಗಿಜಿಗಿಜಿ ಅಂತ ಅರಳಿರುತ್ತದೆ. ಮೊಣಕಾಲೂರಿ ಒಂದು ಗಿಡವನ್ನು ಹತ್ತಿರದಿಂದ ನೋಡಿದೆ. ದಂಟು ದಾರದಷ್ಟು ಸಪೂರ. ಕೆಸರಿನೊಳಗಿನ ಎಳೆಗಳಲ್ಲಿ ಪುಟ್ಟ ಪುಟ್ಟ ಚೀಲಗಳು. ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಆ ಚೀಲ ಒಳಗೆ ಎಳೆದುಕೊಳ್ಳುತ್ತದೆ. ಸಾರವಿಲ್ಲದ ಕಲ್ಲಿನ ಮೇಲೆ ಗಿಡ ಬದುಕುವುದು ಹೀಗೆ. ಮಳೆ ನಿಂತ ಮೇಲೆ ಕೆಲವೇ ವಾರ, ಎಲ್ಲ ಒಣಗಿ ಪುಡಿಯಾಗುತ್ತದೆ.

ಜೋರು ಮಳೆಯ ದಿನಗಳಲ್ಲಿ ಅಬ್ಬಿಯ ಬುಡಕ್ಕೆ ಇಳಿಯಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಹೊಯ್ಯುತ್ತಿರಬಹುದು. ತಿಳಿಯಾಗಿದ್ದ ನೀರು ಕೆಂಪಾಗಿ ಕಸಕಡ್ಡಿ ತರಲು ಶುರುಮಾಡಿದರೆ ಒಂದು ಕ್ಷಣವೂ ನಿಲ್ಲದೆ ದಡ ಹತ್ತಬೇಕು.

ಈಗ ನೀರಿನ ಲೆಕ್ಕ. ಅಬ್ಬಿಯ ಕೆಳಗೆ ನೀರೆಲ್ಲ ಒಂದು ಕಿರಿದಾದ ಸಂದಿಯಲ್ಲಿ ಕೂಡುತ್ತದೆ. ಅಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಇಟ್ಟು, ಎರಡೂ ಬದಿಗೆ ಜೇಡಿಮಣ್ಣು ಮೆತ್ತಿ, ಸೋರುವುದು ನಿಂತ ಮೇಲೆ ತುದಿಗೆ 15 ಲೀಟರಿನ ಬಕೆಟ್ ಹಿಡಿಯುತ್ತೇನೆ. ತುಂಬಲು ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ನೋಡಿಕೊಳ್ಳುವುದು. ದೀಪಾವಳಿ ಕಳೆದ ಮೇಲೆ 4 ಸೆಕೆಂಡು. ಡಿಸೆಂಬರಿನಲ್ಲಿ 9. ಈಗ 21. ಅಂದರೆ ನಿಮಿಷಕ್ಕೆ ಸುಮಾರು 43 ಲೀಟರ್. ಕಮ್ಮಿಯಾಗಿದೆ ನಿಜ, ಆದರೆ ಬಿಸಿಲು ನೋಡಿದರೆ ಇದು ಸಣ್ಣ ಮಾತಲ್ಲ.

ಪಕ್ಕದಲ್ಲೇ ಇನ್ನೊಂದು ಹಳ್ಳವಿದೆ. ಅದು ಹಕ್ಕಲಿನಿಂದಲೇ ನೇರವಾಗಿ ಇಳಿಯುತ್ತದೆ. ಆಗಸ್ಟಿನಲ್ಲಿ ಅದರ ಅಬ್ಬರವೇ ಜಾಸ್ತಿ ಇತ್ತು. ಡಿಸೆಂಬರಿನಲ್ಲಿ ಹೋದರೆ ಒಂದು ಹನಿಯೂ ಇರಲಿಲ್ಲ. ಎರಡರ ಮೇಲೂ ಬೀಳುವುದು ಒಂದೇ ಮಳೆ, ಮೇಲಿನ ಜಾಗವೂ ಹೆಚ್ಚುಕಮ್ಮಿ ಒಂದೇ ಅಗಲ. ವ್ಯತ್ಯಾಸ ಇಷ್ಟೇ: ನಮ್ಮ ಅಬ್ಬಿಯ ನೆತ್ತಿಯಲ್ಲಿ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಉಳಿದಿದೆ. ರಾಮಪತ್ರೆ, ಮುರುಗಲು, ಉಪ್ಪಾಗೆ, ಕೆಳಗೆ ಕಾಲು ಹೂತುಹೋಗುವಷ್ಟು ಒಣಗಿದೆಲೆಯ ದರಕು. ಆ ದರಕಿನಡಿ ಕೈ ಹಾಕಿದರೆ ಈಗಲೂ ತಂಪು, ಮಣ್ಣು ಬೆರಳಿಗೆ ಅಂಟುತ್ತದೆ.

ಅಲ್ಲಿ ಮಳೆನೀರು ಓಡಿಹೋಗದೆ ಇಳಿಯುತ್ತದೆ. ಚಿರೇಕಲ್ಲಿನ ತೂತು, ಬಿರುಕುಗಳಲ್ಲಿ ಇಳಿದು ಅಡಿಯ ಶೇಡಿಮಣ್ಣು, ಅಂದರೆ ನುಣುಪಾದ ಬಿಳಿ ಜೇಡಿ, ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಶೇಡಿಯಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ, ಹಾಗಾಗಿ ಅದರ ಮೇಲೇ ಹರಿದು ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಕಡೆಯ ಹಳ್ಳಗಳನ್ನು ನೋಡಿ ಹೇಳಿದ್ದೂ ಇದನ್ನೇ. ಹಳ್ಳದ ನೆತ್ತಿಯಲ್ಲಿ ಇಲ್ಲಿನದೇ ಜಾತಿಯ ಮರಗಳ ಕಾಡು ಶೇ 60ಕ್ಕಿಂತ ಜಾಸ್ತಿ ಇದ್ದಲ್ಲಿ ನೀರು ವರ್ಷವಿಡೀ ಇರುತ್ತದೆ. ಬರೀ ಹೊರಗಿನಿಂದ ಬಂದ ಅಕೇಶಿಯಾ ನೆಟ್ಟು ಹಸಿರು ಮಾಡಿದರೆ ಸಾಲದು ಅಂತ ನನಗೂ ಅನ್ನಿಸುತ್ತದೆ.

ಹಕ್ಕಲಲ್ಲಿ ದನ ಬಿಟ್ಟುಕೊಂಡಿದ್ದ ಹಾಲಕ್ಕಿ ಸಮುದಾಯದ ಗೌಡರೊಬ್ಬರನ್ನು ಕೇಳಿದೆ. "ಒಣಗಿದ ಹಳ್ಳ ಉಂಟಲ್ಲ ತಮಾ, ನಾ ಸಣ್ಣಿರುವಾಗ ಅದೂ ಸುಗ್ಗಿ ತನಕ ಇರ್ತಿತ್ತು," ಅಂದರು. ಇಲ್ಲಿ ಸುಗ್ಗಿ ಅಂದರೆ ಹೋಳಿ ಹುಣ್ಣಿಮೆಯ ಹೊತ್ತು. ಆ ಹಳ್ಳದ ಮೇಲೂ ಆಗ ಮರಗಳಿದ್ದವಂತೆ. ಕಡಿದದ್ದು ಯಾವಾಗ ಅಂತ ಊರಿನ ಹಿರಿಯರನ್ನು ಕೂತು ಕೇಳಬೇಕು. ಈ ಕೆಲಸವನ್ನು ಮುಂದೆ ಹಾಕುವ ಹಾಗಿಲ್ಲ. ನೆನಪಿರುವವರು ಈಗ ಬಹಳ ಜನ ಇಲ್ಲ.

ಮುಂದಿನ ಅಳತೆ ಫೆಬ್ರವರಿ ಮಧ್ಯದಲ್ಲಿ. ಹೊಸ ದಬ್ಬೆ ಬೇಕು, ಹಳೆಯದು ಬಿರುಕು ಬಿಟ್ಟಿದೆ. ಕಾನಿನ ಅಂಚಿನಲ್ಲಿ ಕಂಡ ಮೂರು ಒರತೆಗಳಿಗೆ ಸುಣ್ಣದ ಗುರುತು ಹಾಕಿ ಬಂದಿದ್ದೇನೆ. ಸುಗ್ಗಿ ಹೊತ್ತಿಗೆ ಅವುಗಳಲ್ಲಿ ಮೊದಲು ನಿಲ್ಲುವುದು ಯಾವುದು ಅಂತ ನೋಡಬೇಕು. ಮೇಲಿನದೇ ಮೊದಲು ಅಂತ ನನ್ನ ಅಂದಾಜು.