ಬಳ್ಳಾರಿಯ ಶೆಡ್ಡಿನಲ್ಲಿ ಒಂದು ವಿ10 ಗಾಡಿಗೆ ಬೆಲೆ ಕಟ್ಟಿದ ದಿನ

ಬೇಸಿಗೆಯಲ್ಲಿ ಬಳ್ಳಾರಿಯಲ್ಲಿ ಎಂಜಿನ್ ಪರೀಕ್ಷೆ ಮಾಡಬೇಕೆಂದರೆ ಬೆಳಿಗ್ಗೆ ಆರಕ್ಕೇ ಶೆಡ್ಡಿನ ಬಾಗಿಲು ತೆಗೆಸಬೇಕು. ಹತ್ತೂವರೆ ದಾಟಿದರೆ ತಗಡಿನ ಕೆಳಗೆ ನಿಲ್ಲುವುದೂ ಕಷ್ಟ, ಅಳತೆಯೂ ಹದ ತಪ್ಪುತ್ತದೆ. ಹೊಸಪೇಟೆ ರಸ್ತೆಯ ಆ ಶೆಡ್ಡಿನಲ್ಲಿದ್ದದ್ದು ಹತ್ತು ಸಿಲಿಂಡರಿನ ವಿ10 ಎಂಜಿನ್ನಿನ ಸ್ಪೋರ್ಟ್ಸ್ ಕಾರು, 2010ರ ಲ್ಯಾಂಬೋರ್ಗಿನಿ ಗಲ್ಲಾರ್ಡೊ ಎಲ್‌ಪಿ 560-4. ಅದಿರಿನ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಕೊಂಡದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮಾರುವವರು ಬಳ್ಳಾರಿಯ ಸಾಹುಕಾರರು, ಕೊಳ್ಳಲು ಬಂದವರು ರಾಯಚೂರಿನ ರೈಸ್ ಮಿಲ್ ಮಾಲೀಕರು. ಗಾಡಿ ನೋಡಿ ಬೆಲೆ ಹೇಳುವ ಕೆಲಸ ನಮ್ಮದು.

“ಇದೇ ಲಾಸ್ಟ್ ನೋಡ್ರಿ. ಇನ್ನ ಮ್ಯಾಲೆ ಬರೋದೆಲ್ಲಾ ಬ್ಯಾಟರಿ ಕೂಡಿಸಿದ್ದೇ. ಇದರ ರೇಟ್ ಏರತೈತಿ ಹೊರತು ಇಳಿಯಂಗಿಲ್ಲ” ಎಂದರು ಸಾಹುಕಾರರು.

ಅವರ ಮಾತು ಪೂರ್ತಿ ಸುಳ್ಳಲ್ಲ. ಗಲ್ಲಾರ್ಡೊ ಹೋಗಿ 2014ರಲ್ಲಿ ಬಂದ ಹುರಾಕಾನ್‌ನಲ್ಲೂ 5.2 ಲೀಟರ್‌ನ ವಿ10 ಇತ್ತು, ಗಾಳಿಯನ್ನು ತಳ್ಳಿ ತುಂಬುವ ಟರ್ಬೊ ಇರಲಿಲ್ಲ. ಅದರ ಜಾಗಕ್ಕೆ 2024ರ ಆಗಸ್ಟ್‌ನಲ್ಲಿ ತೋರಿಸಿದ ಟೆಮೆರಾರಿಯೊದಲ್ಲಿ ಇರುವುದು 4 ಲೀಟರ್‌ನ ಎರಡು ಟರ್ಬೊ ವಿ8, ಜೊತೆಗೆ ಮೂರು ಎಲೆಕ್ಟ್ರಿಕ್ ಮೋಟಾರು. ಒಟ್ಟು 920 ಅಶ್ವಶಕ್ತಿ. ಅಂದರೆ ಆ ಮನೆಯ ವಿ10 ಮುಗಿಯಿತು. ಆದರೆ ಟರ್ಬೊ ಇಲ್ಲದೆ ಬರೀ ಹೊರಗಿನ ಗಾಳಿ ಎಳೆದುಕೊಂಡು ಓಡುವ ಎಂಜಿನ್ನೇ ಮುಗಿಯಿತು ಎಂದರೆ ತಪ್ಪು. ಫೆರಾರಿ 2024ರಲ್ಲಿ ತಂದ 12 ಚಿಲಿಂದ್ರಿಯಲ್ಲಿ 6.5 ಲೀಟರ್‌ನ ವಿ12 ಇದೆ, ಟರ್ಬೊ ಇಲ್ಲ, ಹೈಬ್ರಿಡ್ಡೂ ಇಲ್ಲ. ಪೋರ್ಷೆ 911 ಜಿಟಿ3 ಈಗಲೂ 9000 ಆರ್‌ಪಿಎಂ ಮುಟ್ಟುತ್ತದೆ. ಲ್ಯಾಂಬೋರ್ಗಿನಿಯದೇ ರೆವುವೆಲ್ಟೊದಲ್ಲಿ ಎಲೆಕ್ಟ್ರಿಕ್ ಮೋಟಾರುಗಳಿದ್ದರೂ ವಿ12ಗೆ ಟರ್ಬೊ ಹಾಕಿಲ್ಲ. ಎಣಿಕೆಯನ್ನೂ ನೋಡಬೇಕು: ಗಲ್ಲಾರ್ಡೊ ತಯಾರಾದದ್ದು 14,022. ವಿ10 ಗಾಡಿಗಳಲ್ಲಿ ನಿಜವಾಗಿ ಅಪರೂಪ ಅನ್ನಿಸಿಕೊಳ್ಳುವುದು 500 ಮಾತ್ರ ಬಂದ ಲೆಕ್ಸಸ್ ಎಲ್‌ಎಫ್‌ಎ, ಇಲ್ಲವೇ 1,270 ಬಂದ ಪೋರ್ಷೆ ಕರೆರಾ ಜಿಟಿ. ಗಲ್ಲಾರ್ಡೊದಲ್ಲಿ ಕೈ ಗೇರಿನದು ಸಿಕ್ಕರೆ ಹೆಚ್ಚು ಕೊಡುವುದಕ್ಕೆ ಅರ್ಥವಿದೆ. ಈ ಗಾಡಿಯದು ಇ-ಗೇರ್, ಅಂದರೆ ಯಂತ್ರವೇ ಕ್ಲಚ್ ಒತ್ತುವಂಥದ್ದು. ಹಾಗಾಗಿ “ಲಾಸ್ಟ್” ಎಂಬ ಮಾತನ್ನು ಬದಿಗಿಟ್ಟು, ಅಳೆದು ತೋರಿಸಬಹುದಾದದ್ದಕ್ಕೆ ಮಾತ್ರ ಬೆಲೆ ಎಂದು ಇಬ್ಬರಿಗೂ ಮೊದಲೇ ಹೇಳಿಯಾಯಿತು.

ಮೊದಲ ಕೆಲಸ, ಸೈಲೆನ್ಸರ್ ಮುಟ್ಟಿ ನೋಡುವುದು. ನಾವು ಹೋಗುವ ಮುಂಚೆಯೇ ಒಮ್ಮೆ ಚಾಲೂ ಮಾಡಿಟ್ಟಿದ್ದರೆ ತಣ್ಣನೆಯ ಎಂಜಿನ್ ಹೇಳುವ ಅರ್ಧ ವಿಷಯ ಮುಚ್ಚಿಹೋಗುತ್ತದೆ. ತಣ್ಣಗಿತ್ತು. ಆಮೇಲೆ ಬ್ಯಾಟರಿ: ಮೀಟರ್ 12.2 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿ 12.6 ಇರಬೇಕು. ವೋಲ್ಟ್ ಕಡಿಮೆ ಇದ್ದಾಗ ಲ್ಯಾಪ್‌ಟಾಪ್ ಚುಚ್ಚಿದರೆ ಇಲ್ಲದ ದೋಷಗಳ ಸಾಲೇ ಬರುತ್ತದೆ, ಅದನ್ನು ನಂಬಿ ಸೆನ್ಸರ್ ಬದಲಿಸಿದವರಿದ್ದಾರೆ. ಚಾರ್ಜರ್ ಹಚ್ಚಿ, ಅದು ತುಂಬುವವರೆಗೆ ಟೈರು, ಬ್ರೇಕ್ ನೋಡಿದೆವು. ಟೈರಿನ ಬದಿಯ ನಾಲ್ಕಂಕಿ 2216, ಅಂದರೆ 2016ರ 22ನೇ ವಾರದ್ದು. ಗೀರು ನಿಚ್ಚಳವಾಗಿದೆ, ರಬ್ಬರು ಕಲ್ಲಾಗಿದೆ. ಈ ವೇಗದ ಗಾಡಿಗೆ ಅಂಥ ಟೈರಿನ ಮೇಲೆ ಕೂರುವುದು ಅಪಾಯ. ನಾಲ್ಕೂ ಹೊಸದು ಎಂದು ಚೀಟಿಯಲ್ಲಿ ಬರೆದುಕೊಂಡೆವು. ಬ್ರೇಕ್ ಡಿಸ್ಕ್ ಉಕ್ಕಿನವು, ದಪ್ಪ ಸಾಕಷ್ಟಿತ್ತು. ಸೆರಾಮಿಕ್ ಡಿಸ್ಕ್ ಇದ್ದಿದ್ದರೆ ದಪ್ಪ ಅಳೆದು ಪ್ರಯೋಜನವಿಲ್ಲ, ಅವು ತೂಕ ಕಳೆದುಕೊಳ್ಳುತ್ತವೆ, ಕಳಚಿ ತೂಗಬೇಕು.

ಇ-ಗೇರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಲ್ಲಾರ್ಡೊ ಕೊಂಡು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಇಲ್ಲೇ ಸುಟ್ಟುಕೊಂಡದ್ದು. ಇದು ಆಟೊಮ್ಯಾಟಿಕ್ ಅಲ್ಲ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಒಂದೇ ಒಣ ಕ್ಲಚ್. ಕಾಲಿನ ಬದಲು ಹೈಡ್ರಾಲಿಕ್ ಪಂಪು ಕ್ಲಚ್ ಒತ್ತುತ್ತದೆ. ಡ್ರೈವರ್ ಬಾಗಿಲು ತೆಗೆದ ಕೂಡಲೇ ಪಂಪು ಗುಂಯ್ ಎಂದು ಕೆಲ ಸೆಕೆಂಡು ಓಡಿ ನಿಲ್ಲಬೇಕು. ಆ ಒತ್ತಡವನ್ನು ಹಿಡಿದಿಡುವುದು ಗ್ಯಾಸ್ ತುಂಬಿದ ಅಕ್ಯುಮುಲೇಟರ್. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಹಾಕಿ ನ್ಯೂಟ್ರಲ್, ಒಂದು, ನ್ಯೂಟ್ರಲ್, ರಿವರ್ಸ್ ಎಂದು ಬದಲಿಸುತ್ತಾ ಕಿವಿಗೊಟ್ಟರೆ ಸಾಕು: ಎರಡು ಮೂರು ಬದಲಾವಣೆಗೊಮ್ಮೆ ಪಂಪು ಎದ್ದರೆ ಸರಿ. ಇಲ್ಲಿ ಪ್ರತಿ ಬದಲಾವಣೆಗೂ ಎದ್ದಿತು. ಗ್ಯಾಸ್ ಹೋಗಿದೆ. ಅಕ್ಯುಮುಲೇಟರ್ ಈಗಲೇ ಬದಲಿಸಿದರೆ ಅಷ್ಟಕ್ಕೇ ಮುಗಿಯುತ್ತದೆ. ಬಿಟ್ಟರೆ ಪಂಪು ಬಿಡುವಿಲ್ಲದೆ ಓಡಿ, ರಿಲೇ ಸುಟ್ಟು, ಕೊನೆಗೆ ಪಂಪೇ ಹೋಗುತ್ತದೆ. ಗಾಡಿ ನಡುರಸ್ತೆಯಲ್ಲಿ ಗೇರಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಕ್ಲಚ್ ಎಷ್ಟು ಸವೆದಿದೆ ಎಂಬ ಅಂಕಿ ಲ್ಯಾಪ್‌ಟಾಪಿನಲ್ಲಿ ಬರುತ್ತದೆ. ಇಲ್ಲಿ ಬಂದದ್ದು ಶೇ 62. ಆ ಅಂಕಿಯನ್ನೇ ನಂಬುವಂತಿಲ್ಲ. ಹಳೇ ಕ್ಲಚ್ ಹಾಗೇ ಇಟ್ಟು ಲೆಕ್ಕವನ್ನಷ್ಟೇ ಹೊಸದಾಗಿ ಶುರು ಮಾಡಿದರೆ ಯಂತ್ರ ಚಂದದ ಅಂಕಿ ತೋರಿಸುತ್ತದೆ. ಅದಕ್ಕೇ ಕ್ಲಚ್ ಬದಲಿಸಿದ ಬಿಲ್ಲು ಕೇಳಬೇಕು, ಬಿಲ್ಲಿನ ಕಿಲೋಮೀಟರಿಗೂ ಅಂಕಿಗೂ ತಾಳೆ ನೋಡಬೇಕು. ಇವರ ಬಳಿ ಬಿಲ್ಲಿತ್ತು, ತಾಳೆಯೂ ಆಯಿತು. ಈ ಕ್ಲಚ್ಚನ್ನು ತಿನ್ನುವುದು ವೇಗವಲ್ಲ, ನಿಧಾನ. ಗಡಿಗಿ ಚೆನ್ನಪ್ಪ ವೃತ್ತದ ದಟ್ಟಣೆಯಲ್ಲಿ ಇಂಚಿಂಚು ಸರಿದಾಗ, ಮನೆಯ ಇಳಿಜಾರಿನ ಮೇಲೆ ರಿವರ್ಸ್ ಹತ್ತಿಸಿದಾಗ, ಕ್ಲಚ್ ಅರ್ಧ ಹಿಡಿದು ಜಾರುತ್ತಲೇ ಇರುತ್ತದೆ. ನಿಂತಲ್ಲಿ ನ್ಯೂಟ್ರಲ್‌ಗೆ ಹಾಕಬೇಕು. ರಿವರ್ಸ್ ಬೇಡದಂತೆ, ಮೂತಿ ಹೊರಗೆ ಮಾಡಿ ನಿಲ್ಲಿಸುವ ಜಾಗ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಚಾಲೂ ಮಾಡಿದೆವು. 2008ರ ಮುಂಚಿನ 5 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕ್‌ನ ಪಿನ್ನುಗಳನ್ನು 18 ಡಿಗ್ರಿ ಸೀಳಿ ಹತ್ತೂ ಸಿಲಿಂಡರು ಸಮ ಅಂತರದಲ್ಲಿ ಉರಿಯುವಂತೆ ಮಾಡಿದ್ದರು. ಈ 5.2 ಲೀಟರಿನಲ್ಲಿ ಸೀಳಿಲ್ಲ, 54 ಮತ್ತು 90 ಡಿಗ್ರಿಯ ಅಂತರದಲ್ಲಿ ಉರಿಯುತ್ತದೆ. ಅದಕ್ಕೇ ಆ ಗಡಸು, ಹೆಜ್ಜೆ ತಪ್ಪಿದಂಥ ದನಿ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಆ ದಿನದ ದನಿಯಲ್ಲಿ ಅದಲ್ಲದ ಇನ್ನೊಂದು ತಡವರಿಕೆ ಇತ್ತು. ಮೊದಲ ನಿಮಿಷ ಐಡಲ್ ಅಲ್ಲಾಡಿತು, ಬಿಸಿಯಾದಂತೆ ಸರಿಹೋಯಿತು.

ಇಂಥ ಕಡೆ ಲೀಕ್‌ಡೌನ್ ಪರೀಕ್ಷೆ ಬಿಟ್ಟು ಬೇರೆ ದಾರಿಯಿಲ್ಲ. ಎಂಜಿನ್ ಬಿಸಿ ಮಾಡಿ, ಪ್ಲಗ್ ಬಿಚ್ಚಲು ಕೈತಾಳುವಷ್ಟು ಆರಲು ಬಿಡಬೇಕು. ಹೆಡ್ ಅಲ್ಯುಮಿನಿಯಂ, ಕೆಂಡದಂತಿರುವಾಗ ಪ್ಲಗ್ ತಿರುಗಿಸಿದರೆ ಹೆಡ್ಡಿನ ಥ್ರೆಡ್ಡೇ ಕಿತ್ತು ಬರುತ್ತದೆ. ಒಂದೊಂದೇ ಪಿಸ್ಟನ್ನು ಮೇಲ್ತುದಿಗೆ ತಂದು, ವಾಲ್ವುಗಳು ಮುಚ್ಚಿರುವಾಗ, ಪ್ಲಗ್ಗಿನ ರಂಧ್ರದಿಂದ 7 ಬಾರ್ ಗಾಳಿ ಬಿಡುವುದು. ಕ್ರ್ಯಾಂಕ್ ತಿರುಗದಂತೆ ಭದ್ರವಾಗಿ ಹಿಡಿದಿರಬೇಕು. ಎಷ್ಟು ಪಾಲು ಗಾಳಿ ಸೋರುತ್ತಿದೆ ಎಂದು ಗೇಜು ಹೇಳುತ್ತದೆ, ಎಲ್ಲಿಂದ ಎಂದು ಕಿವಿ ಹೇಳುತ್ತದೆ. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವು, ಗಾಳಿ ಎಳೆಯುವ ಕಡೆ ಎಂದರೆ ಇನ್‌ಟೇಕ್ ವಾಲ್ವು, ಆಯಿಲ್ ಹಾಕುವ ಬಾಯಲ್ಲಿ ಎಂದರೆ ಪಿಸ್ಟನ್ ರಿಂಗು. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟು. ಒಂಬತ್ತು ಸಿಲಿಂಡರು ಶೇ 4ರಿಂದ 8ರೊಳಗೆ ಬಂದವು. ಏಳನೆಯದು ಶೇ 15. ಮೆಕ್ಯಾನಿಕ್ ಭಾಯಿ ಥ್ರಾಟಲ್ ಬಾಯಿಗೆ ಕಿವಿ ಹಚ್ಚಿ, “ಇನ್‌ಟೇಕ್ ರೀ ಅಣ್ಣಾ, ಪಕ್ಕಾ” ಎಂದರು. ಕ್ಯಾಮೆರಾ ಕೊಳವೆ ಇಳಿಸಿದಾಗ ಸಿಲಿಂಡರಿನ ಗೋಡೆಯಲ್ಲಿ ಗೀರಿರಲಿಲ್ಲ. ಇನ್‌ಟೇಕ್ ಕಡೆಯಿಂದ ನೋಡಿದರೆ ವಾಲ್ವಿನ ಕತ್ತಿನ ಸುತ್ತ ಒಣಗಿದ ಡಾಂಬರಿನಂಥ ಕಪ್ಪು ಪದರ.

ಇದು ಈ ಎಂಜಿನ್ನಿನ ಹುಟ್ಟುಗುಣ. ಎಲ್‌ಪಿ 560ರಲ್ಲಿ ಪೆಟ್ರೋಲು ನೇರ ಸಿಲಿಂಡರಿನೊಳಗೇ ಚಿಮ್ಮುತ್ತದೆ. ವಾಲ್ವಿನ ಹಿಂಬದಿಯನ್ನು ಪೆಟ್ರೋಲು ತೊಳೆಯುವುದೇ ಇಲ್ಲ, ಆಯಿಲ್ ಹಬೆ ಅಲ್ಲೇ ಕೂತು ಸುಟ್ಟು ಗಟ್ಟಿಯಾಗುತ್ತದೆ. ಹುರಾಕಾನ್‌ನಲ್ಲಿ ಎರಡೂ ಕಡೆ ಇಂಜೆಕ್ಟರ್ ಇಟ್ಟಿದ್ದರಿಂದ ಈ ಕಾಟ ಕಡಿಮೆ. ಟರ್ಬೊ ಎಂಜಿನ್ನಿನಲ್ಲಿ ಇಷ್ಟು ಕಾರ್ಬನ್ ಇದ್ದರೂ ಟರ್ಬೊ ಗಾಳಿಯನ್ನು ತಳ್ಳಿ ತುಂಬಿಸಿಬಿಡುತ್ತದೆ. ಇದಕ್ಕೆ ತಳ್ಳುವವರಿಲ್ಲ, ವಾತಾವರಣದ ಒತ್ತಡವೊಂದೇ ಆಧಾರ. ದಾರಿ ಕಿರಿದಾದಷ್ಟೂ ಮೇಲಿನ ಆರ್‌ಪಿಎಂನಲ್ಲಿ ಬಲ ಸೋರಿಹೋಗುತ್ತದೆ, ಮತ್ತು ಈ ಎಂಜಿನ್ನಿನ ಬಲವೆಲ್ಲ ಇರುವುದೇ ಅಲ್ಲಿ: 540 ನ್ಯೂಟನ್ ಮೀಟರ್ ಸಿಗುವುದು 6500ಕ್ಕೆ, 560 ಅಶ್ವಶಕ್ತಿ 8000ಕ್ಕೆ. ಪರಿಹಾರ ಗೊತ್ತಿರುವುದೇ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು, ಜೊತೆಗೇ ವ್ಯಾಕ್ಯೂಮಿನಿಂದ ಹೀರಿ ತೆಗೆಯುವುದು. ಒಟ್ಟು 20 ಇನ್‌ಟೇಕ್ ವಾಲ್ವು. ಹೊಡೆಯುವ ಸಿಲಿಂಡರಿನ ವಾಲ್ವು ಮುಚ್ಚಿಯೇ ಇರಬೇಕು, ಅರೆ ತೆರೆದಿದ್ದರೂ ಪುಡಿ ಒಳಗೆ ಬೀಳುತ್ತದೆ.

ಬಳ್ಳಾರಿಯ ಧೂಳಿನ ಮಾತು ಬೇರೆ. ಎರಡೂ ಏರ್ ಫಿಲ್ಟರ್ ತೆಗೆದಾಗ ಮಡಿಕೆ ಮಡಿಕೆಯಲ್ಲಿ ಕೆಂಪು. ಅದಿರಿನ ಲಾರಿಗಳ ಹಿಂದೆ ಓಡಿದ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಫಿಲ್ಟರ್ ಬದಲಿಸಬೇಕು. ಮುಂದಿನ ರೇಡಿಯೇಟರುಗಳ ರೆಕ್ಕೆಗಳ ನಡುವೆಯೂ ಅದೇ ಕೆಂಪು ಕೂತಿತ್ತು. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಒಳಗಿನಿಂದ ಹೊರಕ್ಕೆ ಮೆಲ್ಲನೆ ನೀರು ಬಿಡಬೇಕು. ಆಯಿಲ್ ಫಿಲ್ಟರ್ ಕೊಯ್ದು ಬಿಡಿಸಿ ನೋಡಿದೆವು, ಲೋಹದ ಮಿಂಚು ಇರಲಿಲ್ಲ. ಇದು ಡ್ರೈ ಸಂಪ್ ಎಂಜಿನ್ನು, ಆಯಿಲು ಎಂಜಿನ್ನಿನ ತಳದಲ್ಲಿರದೆ ಬೇರೆ ಟ್ಯಾಂಕಿನಲ್ಲಿರುತ್ತದೆ. ಆಯಿಲ್ ಮಟ್ಟ ನೋಡಬೇಕಾದ್ದು ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ. ಆರಿಸಿ ನೋಡಿ, ಕಡಿಮೆಯಿದೆ ಎಂದು ಸುರಿದರೆ ಹೆಚ್ಚಾದ ಆಯಿಲು ಇನ್‌ಟೇಕಿಗೆ ನುಗ್ಗುತ್ತದೆ.

ಪ್ಲಗ್ ಕೂರಿಸಿ ಕುಡಿತಿನಿ ಕಡೆಗೆ ಓಡಿಸುವಷ್ಟರಲ್ಲಿ ಬಿಸಿಲೇರಿತ್ತು. ರಾಯಚೂರಿನವರು, “ಅಷ್ಟು ಎಳೀವಲ್ದಲ್ರೀ” ಎಂದರು. ಅದರಲ್ಲಿ ಕಾರ್ಬನ್ನಿನ ಪಾಲೂ ಇತ್ತು, ಬಿಸಿಲಿನ ಪಾಲೂ ಇತ್ತು. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ 40 ಡಿಗ್ರಿ ಸೆಕೆ. ಗಾಳಿ ತೆಳುವಾದಾಗ ಟರ್ಬೊ ಇಲ್ಲದ ಎಂಜಿನ್ ಹತ್ತರಲ್ಲೊಂದು ಪಾಲು ಬಲ ಕಳೆದುಕೊಳ್ಳುವುದು ಸಹಜ, ಅದನ್ನು ದೋಷವೆಂದು ಬೆಲೆಯಲ್ಲಿ ಕಳೆಯಬಾರದು. ಪೆಟ್ರೋಲು ಮಾತ್ರ 95 ಆಕ್ಟೇನಿಗಿಂತ ಕಡಿಮೆ ಬೇಡ. ಅದಕ್ಕಿಂತ ಕಡಿಮೆಯದು ಹಾಕಿದರೆ ಈ ಎಂಜಿನ್ನು ಕುಟ್ಟದಂತೆ ತಡೆಯಲು ಕಂಪ್ಯೂಟರು ಕಿಡಿಯನ್ನು ತಡಮಾಡಿ ಹೊತ್ತಿಸುತ್ತದೆ, ಬಲ ಮತ್ತಷ್ಟು ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಅದು ತೇವ ಹೀರುತ್ತದೆ. ನಿಂತೇ ಇರುವ ಗಾಡಿಯ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ರಬ್ಬರ್ ಪೈಪು, ಪಂಪು ಎರಡಕ್ಕೂ ಕೇಡು.

ಮರಳಿ ಬರುವಾಗ ರಾಯಚೂರಿನವರು ಕೇಳಿದ ಪ್ರಶ್ನೆ ನ್ಯಾಯವಾದದ್ದು: ಇಷ್ಟೆಲ್ಲ ರಗಳೆಯ ಬದಲು ಹೊಸ ಹೈಬ್ರಿಡ್ಡನ್ನೇ ಏಕೆ ತರಬಾರದು? ಟೆಮೆರಾರಿಯೊ 2025ರಲ್ಲಿ ಇಲ್ಲಿ ಬಿಡುಗಡೆಯಾದಾಗ ಶೋರೂಂ ಬೆಲೆ 6 ಕೋಟಿ. ಕರ್ನಾಟಕದ ಶೇ 18ರ ಜೀವಿತಾವಧಿ ತೆರಿಗೆಯೇ ಕೋಟಿ ದಾಟುತ್ತದೆ. ಗಾಡಿ ಅದ್ಭುತವಾದದ್ದು, ವಿ8 10,000 ಆರ್‌ಪಿಎಂ ಮುಟ್ಟುತ್ತದೆ, ಟರ್ಬೊ ಏಳುವವರೆಗಿನ ತಡವನ್ನು ಮೋಟಾರುಗಳು ತುಂಬುತ್ತವೆ. ಆದರೆ ಹದಿನೈದು ವರ್ಷದ ನಂತರ ಅದರ ಮುಂದೆ ನಿಂತವನು ಹೈವೋಲ್ಟೇಜ್ ಬ್ಯಾಟರಿಯ ಆರೋಗ್ಯಕ್ಕೆ ಕಂಪನಿಯ ಯಂತ್ರದ ಮಾತನ್ನೇ ನಂಬಬೇಕು. ಲಿಥಿಯಂ ಸೆಲ್ಲು ನಿಂತಲ್ಲೇ ಮುಪ್ಪಾಗುತ್ತದೆ, ಕಿತ್ತಳೆ ಬಣ್ಣದ ಆ ಕೇಬಲ್ಲನ್ನು ತರಬೇತಿ ಇಲ್ಲದ ಕೈ ಮುಟ್ಟಬಾರದು. ಈ ವಿ10ರ ಒಳಗುಟ್ಟನ್ನು ಬಳ್ಳಾರಿಯ ಒಂದು ಶೆಡ್ಡಿನಲ್ಲಿ, ಟೈರ್ ಅಂಗಡಿಯ ಕಂಪ್ರೆಸರಿನ ಗಾಳಿಯಲ್ಲಿ ತಿಳಿಯಬಹುದು. ಟೈಮಿಂಗ್‌ಗೆ ಇರುವುದು ಬೆಲ್ಟಲ್ಲ, ಚೈನು. ಫೆರಾರಿ 355ರಂತೆ ಬೆಲ್ಟಿಗಾಗಿ ಎಂಜಿನ್ ಇಳಿಸುವ ಪಾಡಿಲ್ಲ. ಹೈಬ್ರಿಡ್ ಕಾಲದಲ್ಲಿ ಇದರ ಬೆಲೆ ನಿಲ್ಲುವುದಾದರೆ ಈ ಕಾರಣಕ್ಕೆ ನಿಲ್ಲುತ್ತದೆ ಎಂಬುದು ನಮ್ಮ ನಂಬಿಕೆ.

ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿಕೊಂಡು ಕಾಗದ ಬಿಚ್ಚಿದೆವು. 2010ರ ಗಾಡಿ, ಆರ್‌ಸಿಯ 15 ವರ್ಷ ಮುಗಿದಿದೆ. ಫಾರಂ 25 ಕೊಟ್ಟು, ಗಾಡಿಯನ್ನು ಆರ್‌ಟಿಒಗೆ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಆಮದು ಕಾರಿಗೆ ಶುಲ್ಕ 40,000 ರೂಪಾಯಿ, 20 ವರ್ಷ ದಾಟಿದರೆ 80,000. ರಾಜ್ಯದೊಳಗಿನ ವರ್ಗಾವಣೆಗೆ ಫಾರಂ 29, 30 ಸಾಕು, ಕೆಎ-34 ನಂಬರು ಹಾಗೇ ಉಳಿಯುತ್ತದೆ. ಹಳೇ ಸಾಲದ ನಮೂದು ಆರ್‌ಸಿಯಲ್ಲಿ ಇನ್ನೂ ಇತ್ತು. ಸಾಲ ತೀರಿದ್ದರೂ ಫಾರಂ 35 ಕೊಡದೆ ಅದು ಅಳಿಯುವುದಿಲ್ಲ. ವಿಮೆಯಲ್ಲಿ ಐದು ವರ್ಷ ಮೀರಿದ ಗಾಡಿಯ ಮೌಲ್ಯ ಕಂಪನಿಯೂ ಮಾಲೀಕರೂ ಕೂತು ಒಪ್ಪಿದ್ದೇ ಆಗಿರುತ್ತದೆ. ಈ ದಿನದ ಅಳತೆಯ ಚೀಟಿಯೇ ಅಲ್ಲಿ ಕೆಲಸಕ್ಕೆ ಬರುವುದು.

ಮಾತು ಹೀಗೆ ನಿಂತಿತು: ಆರ್‌ಸಿ ನವೀಕರಣ, ಸಾಲದ ನಮೂದು ಅಳಿಸುವುದು ಸಾಹುಕಾರರ ಪಾಲಿಗೆ. ಟೈರು, ಅಕ್ಯುಮುಲೇಟರಿನ ಖರ್ಚು ಬೆಲೆಯಲ್ಲಿ ಕಳೆಯುವುದು. ಕಾರ್ಬನ್ ತೆಗೆಸುವ ಖರ್ಚು ಸಮಪಾಲು. ಅದಾದ ಮೇಲೆ ಏಳನೇ ಸಿಲಿಂಡರನ್ನು ಮತ್ತೆ ಅಳೆಯಬೇಕು. ಶೇ 10ರೊಳಗೆ ಬಂದರೆ ಬಾಕಿ ಹಣ ಕೈಗೆ. ಬರದಿದ್ದರೆ ಎಂಜಿನ್ ಇಳಿಸಿ ಹೆಡ್ ಬಿಚ್ಚುವ ಖರ್ಚು ಕಳೆದು ಹೊಸ ಬೆಲೆ.