ಕೃಷ್ಣಗಿರಿ ಸೀಮೆಯ ಹಳೇ ರೈಲು ಸ್ಟೇಷನ್ನುಗಳ ಜಾಗ ಪತ್ತೆ ಮಾಡುವುದು

ತಮಿಳುನಾಡಿನ ಕೃಷ್ಣಗಿರಿ ಈಗ ಜಿಲ್ಲಾ ಕೇಂದ್ರ, ಆದರೂ ಊರಿಗೆ ರೈಲಿಲ್ಲ. 1905ರಲ್ಲೇ ತಿರುಪತ್ತೂರಿನಿಂದ ಇಲ್ಲಿಗೆ 762 ಮಿ.ಮೀ. ಅಂದರೆ ಎರಡೂವರೆ ಅಡಿಯ ನ್ಯಾರೋಗೇಜ್ ಹಳಿ ಬಂದಿತ್ತು. ಮರುವರ್ಷ ಮೊರಪ್ಪೂರು–ಧರ್ಮಪುರಿ ಲೈನು ಶುರುವಾಯಿತು, 1913ರಲ್ಲಿ ಅದನ್ನು ಹೊಸೂರಿನ ತನಕ ಎಳೆದರು. ಬರಗಾಲದಲ್ಲಿ ಧಾನ್ಯ ತಲುಪಿಸಲೆಂದು ಹಾಕಿದ ಲೈನುಗಳಿವು.

ತಿರುಪತ್ತೂರು, ಮೊರಪ್ಪೂರುಗಳಲ್ಲಿ ಹಾದುಹೋಗುವ ಮುಖ್ಯ ಲೈನು 1676 ಮಿ.ಮೀ. ಬ್ರಾಡ್‌ಗೇಜ್. ಸಣ್ಣ ಗಾಡಿಯಲ್ಲಿ ಬಂದ ಮೂಟೆಯನ್ನೆಲ್ಲ ಅಲ್ಲಿ ಇಳಿಸಿ ದೊಡ್ಡ ವ್ಯಾಗನ್ನಿಗೆ ಮತ್ತೆ ಹೇರಬೇಕು. ಕೂಲಿಯೂ ಎರಡು ಸಲ, ಹೊತ್ತೂ ಹೆಚ್ಚು. ಲಾರಿ ಬಂದ ಮೇಲೆ ಆ ತಾಪತ್ರಯ ಯಾರಿಗೂ ಬೇಡವಾಯಿತು. ಕೃಷ್ಣಗಿರಿ ಲೈನು 1936ರಲ್ಲಿ ನಿಂತಿತು, ಹೊಸೂರಿನದು 1941ರಲ್ಲಿ, ಯುದ್ಧದ ಕಾಲದಲ್ಲಿ.

ನಿಮ್ಮೂರಿನ ಸ್ಟೇಷನ್ ಎಲ್ಲಿತ್ತೆಂದು ತಿಳಿಯಲು ಮೊದಲು ಸರ್ವೆ ಆಫ್ ಇಂಡಿಯಾದ ಒಂದು ಇಂಚಿಗೆ ಒಂದು ಮೈಲಿಯ ಹಳೇ ನಕ್ಷೆ ನೋಡಿ. ಕೃಷ್ಣಗಿರಿ, ಧರ್ಮಪುರಿ 57ಎಲ್ ಹಾಳೆಗಳಲ್ಲಿವೆ, ಹೊಸೂರು 57ಎಚ್‌ನಲ್ಲಿ. ಸರ್ವೆ ಆದ ವರ್ಷ ಅಂಚಿನಲ್ಲಿರುತ್ತದೆ; 1905ಕ್ಕಿಂತ ಮುಂಚಿನದಾದರೆ ಹಳಿಯೇ ಕಾಣಿಸುವುದಿಲ್ಲ.

ಆಮೇಲೆ ಗ್ರಾಮದ ಎ-ರಿಜಿಸ್ಟರ್, ಅಂದರೆ ಪ್ರತಿ ಸರ್ವೆ ನಂಬರಿನ ಜಮೀನು ಯಾವ ವರ್ಗದ್ದೆಂದು ಬರೆದಿರುವ ಕಂದಾಯ ದಾಖಲೆ. ಸರ್ವೆ ನಂಬರಿನ ಎದುರು ರೈಲ್ವೆ ಪೋರಂಬೋಕು (ರೈಲ್ವೆಗೆ ಬಿಟ್ಟ ಸರ್ಕಾರಿ ಜಾಗ) ಎಂದಿದೆಯೇ ನೋಡಿ. ವರ್ಗ ಬದಲಾಗಿ ರಸ್ತೆ ಅಂತಲೋ ಪಟ್ಟಾ (ಖಾಸಗಿ ಜಮೀನು) ಅಂತಲೋ ಆಗಿದ್ದರೂ ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್, ಹೊಲಗಳ ಅಳತೆ ಪುಸ್ತಕ) ನಕ್ಷೆಯಲ್ಲಿ ಆಕಾರ ಗುರುತು ಸಿಗುತ್ತದೆ: ಹೊಲಗಳನ್ನು ಸೀಳಿಕೊಂಡು ಹೋಗುವ ಉದ್ದನೆಯ ಪಟ್ಟಿ. ಆ ಪಟ್ಟಿ ಇದ್ದಕ್ಕಿದ್ದಂತೆ ಅಗಲವಾಗುವ ಕಡೆ ಸ್ಟೇಷನ್ ಇದ್ದಿರಬಹುದು, ಏಕೆಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸುವ ಲೂಪ್ ಲೈನಿಗೂ ಗೂಡ್ಸ್ ಇಳಿಸುವುದಕ್ಕೂ ಜಾಗ ಬೇಕಿತ್ತು. ಅಳತೆ ಓದುವಾಗ ಎಚ್ಚರ. ಹಳೇ ಎಫ್‌ಎಂಬಿ ಲಿಂಕ್‌ನಲ್ಲಿದೆ, ಹೊಸದು ಮೀಟರಿನಲ್ಲಿ. 100 ಲಿಂಕ್ ಎಂದರೆ ಒಂದು ಚೈನು, 66 ಅಡಿ, 20.12 ಮೀಟರ್. ಇದನ್ನು ಗಮನಿಸದೆ ಲಿಂಕನ್ನೇ ಮೀಟರ್ ಎಂದು ಹಿಡಿದರೆ ಪಟ್ಟಿ ಐದು ಪಟ್ಟು ಅಗಲವಾಗಿ ಕಾಣುತ್ತದೆ.

ಸ್ಥಳಕ್ಕೆ ಹೋದಾಗ ಕೆರೆ ಏರಿಯನ್ನು ರೈಲಿನ ದಿಬ್ಬವೆಂದು ತಿಳಿಯುವುದುಂಟು. ಏರಿಯ ಒಂದು ಮಗ್ಗುಲಲ್ಲಿ ಕೆರೆಯಂಗಳ, ತೂಬು ಇರುತ್ತವೆ. ರೈಲಿನ ದಿಬ್ಬಕ್ಕೆ ಎರಡೂ ಕಡೆ ಇಳಿಜಾರು. ಹಳ್ಳ ಬಂದರೂ ಮೇಲ್ಮೈ ಇಳಿಯದೆ ಮೋರಿಯ ಮೇಲೆ ಸಮವಾಗಿ ದಾಟುತ್ತದೆ.

ಹೊಸೂರು–ಧರ್ಮಪುರಿ ನಡುವೆ ಇನ್ನೊಂದು ಗೊಂದಲವಿದೆ. ರಾಯಕೋಟೆ ಮೇಲೆ ಸೇಲಂಗೆ ಹೋಗುವ ಈಗಿನ ಲೈನು 1960ರ ದಶಕದಲ್ಲಿ ಮೀಟರ್‌ಗೇಜ್ ಆಗಿ ಬಂದದ್ದು, ಬ್ರಾಡ್‌ಗೇಜ್ ಆದದ್ದು ಆಮೇಲೆ. ಅಲ್ಲಿ ಪಾಳುಬಿದ್ದ ದಿಬ್ಬ ಕಂಡರೆ 1941ಕ್ಕಿಂತ ಹಿಂದಿನ ನಕ್ಷೆಯಲ್ಲಿ ಅದೇ ಜಾಗಕ್ಕೆ ಹಳಿ ಗುರುತಿದೆಯೇ ಎಂದು ನೋಡಿಯೇ ಬರೆದುಕೊಳ್ಳಿ.