ಮಾಲ್ಪುರಿ ತಿಂದ ಬಾಯಿಗೆ ದ್ರಾಕ್ಷಿ

ಹೋದ ವಾರ ದ್ರಾಕ್ಷಿ ಗಾಡಿಯವನ ಜೊತೆ ಸುಮ್ನೆ ಜಗಳ ಆಡಿ ಬಂದೆ. ಅಪ್ಪನ ಜಾತ್ರೆಗೆ (ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ನಾವು ಹಾಗೇ ಅನ್ನೋದು) ಹೋಗಿ ವಾಪಸ್ ಬರುವಾಗ ಎರಡು ಮಾಲ್ಪುರಿ ತಿಂದಿದ್ದೆ, ಪಾಕ ಇನ್ನೂ ನಾಲಿಗೆ ಮೇಲೇ ಇತ್ತು, ಹಾಗೇ ಗಾಡಿ ಹತ್ತಿರ ನಿಂತು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡೆ. ಹುಳಿ ಅಂದ್ರೆ ಹುಳಿ!

"ಏನ್ ಅಣ್ಣಾ, ಇಷ್ಟು ಹುಳಿ ಹಣ್ಣು ಮಾರ್ತೀರಲ್ರೀ" ಅಂದೆ. ಅವನು ನಕ್ಕು, "ಸಿಹಿ ತಿಂದು ಬಂದೀರೇನ್ರಿ ಅಕ್ಕಾರ? ಬಾಯಿ ಮುಕ್ಕಳಿಸಿ ಮತ್ತ ತಿನ್ರಿ" ಅಂದ. ನಾನು ಮುಖ ತಿರುಗಿಸಿಕೊಂಡು ಬಂದುಬಿಟ್ಟೆ. ಸಂಜೆ ನಮ್ಮ ಮನೆಯವರು ಅದೇ ಗಾಡಿಯಿಂದ ಒಂದು ಕಿಲೋ ತಂದರು. ಬೆಲ್ಲದಂಥ ಹಣ್ಣು.

ಆಮೇಲೆ ಯೋಚಿಸಿದರೆ ಅವನು ಹೇಳಿದ್ದೇ ಸರಿ. ನೂರು ಗ್ರಾಂ ದ್ರಾಕ್ಷಿಯಲ್ಲಿ ಹೆಚ್ಚುಕಡಿಮೆ 16 ಗ್ರಾಂ ಸಕ್ಕರೆ ಇರುತ್ತೆ, ಜೊತೆಗೆ ಟಾರ್ಟಾರಿಕ್ ಆಮ್ಲ ಇರುತ್ತೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ. ಪಾಕಕ್ಕೆ ಒಗ್ಗಿದ ನಾಲಿಗೆಗೆ ಹಣ್ಣಿನ ಸಕ್ಕರೆ ಗೊತ್ತೇ ಆಗಲ್ಲ, ಹುಳಿ ಮಾತ್ರ ಉಳಿಯುತ್ತೆ.

ಹಾಗಾದ್ರೆ ಯಾವುದರ ಜೊತೆ ತಿನ್ನಬೇಕು? ನನ್ನ ಮಟ್ಟಿಗೆ ಹುರಿದ ಶೇಂಗಾ, ಮೇಲೆ ಚೂರು ಉಪ್ಪು. ಶೇಂಗಾದ ಜಿಡ್ಡು ಬಾಯಿ ತುಂಬಾ ಹರಡಿದಾಗ ದ್ರಾಕ್ಷಿ ಟಪ್ ಅಂತ ಒಡೆದು ರಸ ಬಿಡುತ್ತಲ್ಲ, ಆ ರುಚಿಗೆ ಗೋಡಂಬಿಯೂ ಸಾಟಿಯಿಲ್ಲ. ಅದು ಬಿಟ್ಟರೆ ಗಟ್ಟಿ ಮೊಸರು. ಮಧ್ಯಾಹ್ನದ ಮೊಸರನ್ನಕ್ಕೆ ಒಂದು ಹಿಡಿ ದ್ರಾಕ್ಷಿ ಹಾಕಿದರೆ, ಹೊರಗೆ 41 ಡಿಗ್ರಿ ಬಿಸಿಲಿದ್ದರೂ ಊಟ ಸೇರುತ್ತೆ.

ಹಾಲಿಗೆ ಮಾತ್ರ ಬೇಡ. ಒಮ್ಮೆ ನೆಂಟರು ಬಂದಾಗ ಕಪ್ಪು ದ್ರಾಕ್ಷಿ, ಹಾಲು ಎರಡನ್ನೂ ಮಿಕ್ಸಿಗೆ ಹಾಕಿ ಮಿಲ್ಕ್‌ಶೇಕ್ ಮಾಡಿಟ್ಟೆ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಲೋಟದಲ್ಲಿ ಚೂರುಚೂರು ಗಂಟು. ಹಾಲು ಕೆಟ್ಟಿದೆ ಅಂತ ಹಾಲಿನವನನ್ನೂ ಬೈದಿದ್ದೆ (ನನ್ನ ಚಾಳಿ ಈಗ ಗೊತ್ತಾಯ್ತಲ್ವಾ?). ಕೆಟ್ಟಿರಲಿಲ್ಲ ಪಾಪ, ನಿಂಬೆರಸ ಹಿಂಡಿದ ಹಾಗೆ ದ್ರಾಕ್ಷಿ ಹುಳಿಗೇ ಒಡೆದಿತ್ತು. ಮೊಸರು ಮೊದಲೇ ಹೆಪ್ಪಾಗಿರುವುದರಿಂದ ಅದಕ್ಕೆ ಈ ತಾಪತ್ರಯ ಇಲ್ಲ.

ಮಿರ್ಚಿ ಭಜಿ ತಿಂದು ಬಾಯಿ ಉರಿದಾಗ ದ್ರಾಕ್ಷಿಗೆ ಕೈ ಹಾಕುವವರೂ ಇದ್ದಾರೆ. ಏನೂ ಉಪಯೋಗ ಇಲ್ಲ. ಮೆಣಸಿನಕಾಯಿಯ ಖಾರ ನೀರಿಗೆ ಜಗ್ಗಲ್ಲ, ದ್ರಾಕ್ಷಿಯಲ್ಲಿ ಇರುವುದೇ ಜಾಸ್ತಿ ನೀರು. ಮಜ್ಜಿಗೆ ಕುಡಿಯಿರಿ. ಕಲ್ಲಂಗಡಿ ಜೊತೆಗೂ ಸಪ್ಪೆ.

ನನ್ನ ಲೆಕ್ಕ ತಪ್ಪುವುದು ಒಂದೇ ಕಡೆ, ಯುಗಾದಿ ಬೇವಿನಲ್ಲಿ. ನಮ್ಮ ಮನೆಯಲ್ಲಿ ಹುಣಸೆ ನೀರಿಗೆ ಬೆಲ್ಲ, ಪುಟಾಣಿ ಹಿಟ್ಟು, ಬೇವಿನ ಹೂವು, ಮಾವಿನಕಾಯಿ ಹಾಕಿ ಕಲಸಿ, ಕೊನೆಗೆ ಹಸಿ ದ್ರಾಕ್ಷಿ ಬಿಡುತ್ತೇವೆ. ಅಷ್ಟು ಬೆಲ್ಲ ಇದ್ದರೂ ದ್ರಾಕ್ಷಿ ಹುಳಿ ಅನ್ನಿಸುವುದೇ ಇಲ್ಲ. ಹುಣಸೆ ಮುಂದೆ ಇದರ ಹುಳಿ ಯಾವ ಲೆಕ್ಕ ಅಂತ ಇರಬೇಕು. ಅತ್ತೆಯವರಂತೂ ಬಟ್ಟಲಿನ ತಳದಲ್ಲಿ ಕೈಯಾಡಿಸಿ ಅದನ್ನೇ ಹುಡುಕುತ್ತಾರೆ.

ಈ ಸಲದ ಬೇವಿಗೆ ಅದೇ ಗಾಡಿಯವನ ಹತ್ತಿರ ಹೋಗಬೇಕು. ಬಾಯಿ ತೊಳೆದುಕೊಂಡೇ ಹೋಗ್ತೀನಿ.